ನಲವತ್ತೊಂದು ಸೋಮ ಗೌಡರು ಒಂದಾದ ಭಾನುವಾರ

ಹೊನ್ನಾವರದ ಖಾಸಗಿ ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ಕೂತಿರುವ ಭಾಸ್ಕರ ನಾಯ್ಕನಷ್ಟು ಮುಂದಾಲೋಚನೆಯ ಮನುಷ್ಯ ಸುತ್ತಿನ ಮೂರು ತಾಲೂಕಿನಲ್ಲಿ ಸಿಗಲಿಕ್ಕಿಲ್ಲ. ಕುಮಟೆಗೆ ಹೊರಟರೆ ಹೋಗುವ ಬಸ್ಸಿಗಿಂತ ಮೊದಲು ವಾಪಸು ಬರುವ ಬಸ್ಸಿನ ಹೊತ್ತು ವಿಚಾರಿಸುತ್ತಾನೆ. ಹೊಸ ಹೋಟೆಲಿಗೆ ಊಟಕ್ಕೆ ಕರೆದರೆ, ರುಚಿಸದಿದ್ದರೆ ಇರಲಿ ಎಂದು ಮನೆಯಲ್ಲೇ ಅರ್ಧ ಹೊಟ್ಟೆ ಗಂಜಿ ಉಂಡು ಹೋಗುತ್ತಾನೆ. ಇಂಥವನಿಗೆ ಮೂವತ್ತೆಂಟಾದರೂ ಮದುವೆಯಾಗಿಲ್ಲ ಎಂದರೆ ಅದರಲ್ಲಿ ಆಶ್ಚರ್ಯವೇನಿದೆ?

ಹೆಣ್ಣು ಸಿಕ್ಕಿರಲಿಲ್ಲ ಅಂತಲ್ಲ. ದಿನಾ ಕಣ್ಣೆದುರೇ ಇದ್ದಳು, ಕಾಯ್ಕಿಣಿಯಿಂದ ಬರುವ ನರ್ಸ್ ಕಲ್ಪನಾ. ಅವಳು ನಕ್ಕರೆ ಭಾಸ್ಕರ ಬರೆಯುತ್ತಿದ್ದ ಕಡೆ ಎರಡು ಸಾಲು ತಪ್ಪುತ್ತಿದ್ದವು. ಆದರೆ ಕೇಳಿದ ಮೇಲೆ ಅವಳು ಒಲ್ಲೆ ಅಂದರೆ ಮರುದಿನ ಅದೇ ಮುಖ ಹೊತ್ತು ಅದೇ ಕೌಂಟರಿನಲ್ಲಿ ಕೂರುವುದು ಹೇಗೆ? ಕೇಳುವ ಮೊದಲಿನ ಸ್ಥಿತಿಗೆ ಮರಳುವ ದಾರಿ ಮೂರು ವರ್ಷ ಯೋಚಿಸಿದರೂ ಹೊಳೆಯಲಿಲ್ಲ. ಈಗ ನೋಡಿದರೆ, ಬರುವ ಭಾನುವಾರ ಸಂಜೆ ಐದಕ್ಕೆ ಅವಳನ್ನು ನೋಡಲು ಭಟ್ಕಳದ ಕಡೆಯವರು ಬರುತ್ತಾರೆ ಎಂಬ ಸುದ್ದಿ.

ಅದೇ ಭಾನುವಾರ ಆಸ್ಪತ್ರೆಯ ಕಂಪ್ಯೂಟರಿಗೂ ಮುಹೂರ್ತ ಇಟ್ಟಿದ್ದರು. ಹಳೆಯ ಸಾಫ್ಟ್‌ವೇರ್ ಕಿತ್ತು ಹೊಸದು ಹಾಕಲು ಹುಬ್ಬಳ್ಳಿಯಿಂದ ಶಿಶಿರ ಎಂಬ ಎಂಜಿನಿಯರ್ ಶುಕ್ರವಾರವೇ ಬಂದಿಳಿದ.

"ಹಾಳಾದ್ರೆ ಹಿಂದೆ ಬರೂಕೆ ದಾರಿ ಎಂತದು?" ಎಂದು ಭಾಸ್ಕರ ಕೇಳಿದ.

"ಹಿಂದ ಯಾಕ್ರೀ ಬರಬೇಕು? ಎರಡು ತಾಸಿನ ಕೆಲಸ," ಎಂದು ಶಿಶಿರ ನಕ್ಕ.

ವ್ಯವಸ್ಥಾಪಕ ದಿನಕರ ಶಾನಭಾಗರೂ ನಕ್ಕರು. "ಅಲ್ಲ ಮಾರಾಯ, ಗೃಹಪ್ರವೇಶದ ದಿನ ಮನೆ ಬಿದ್ರೆ ಎಂತ ಮಾಡ್ತ್ರಿ ಅಂತ ಯಾರಾದ್ರೂ ಕೇಳ್ತ್ರಾ?"

ಭಾಸ್ಕರ ಜಗ್ಗಲಿಲ್ಲ. ಒಂದು ಹಾಳೆಯಲ್ಲಿ ಬರೆದು ಮುಂದಿಟ್ಟ. ಹಳೆಯ ದಾಖಲೆಗಳ ಪೂರ್ತಿ ಪ್ರತಿ ಬೇರೆ ಕಡೆ ಇರಬೇಕು. ಅದು ತೆರೆಯುತ್ತದೋ ಇಲ್ಲವೋ ಎಂದು ಶನಿವಾರವೇ ತೆರೆದು ನೋಡಬೇಕು. ಭಾನುವಾರ ಮಧ್ಯಾಹ್ನ ಎರಡಕ್ಕೆ ಎಲ್ಲ ಸರಿ ಇಲ್ಲದಿದ್ದರೆ ಯಾರ ಮಾತೂ ಕೇಳದೆ ಹಳೆಯದಕ್ಕೇ ಮರಳಬೇಕು. ಸಹಿ ಬೀಳುವ ತನಕ ಕಂಪ್ಯೂಟರ್ ಕೋಣೆಯ ಕೀಲಿ ತನ್ನ ಕಿಸೆಯಲ್ಲೇ ಇರುತ್ತದೆ ಎಂದ. ದಿನಕರರು ಗೊಣಗುತ್ತ ಸಹಿ ಹಾಕಿದರು.

ಭಾನುವಾರ ಒಂದೂವರೆಗೆ ಹೊಸ ಪರದೆ ಬೆಳಗಿತು. ಶಿಶಿರ ಪೇಡೆ ಹಂಚಿದ. ಹಳೆಯ ರಿಜಿಸ್ಟರ್ ಹಿಡಿದು ಹೆಸರು ತಾಳೆ ನೋಡಲು ಕೂತವಳು ಕಲ್ಪನಾ. ಹತ್ತು ನಿಮಿಷದಲ್ಲಿ ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡಿದ್ದಳು, ಭುಜ ಮಾತ್ರ ಕುಣಿಯುತ್ತಿತ್ತು.

"ಇಲ್ಲೊಂಚೂರು ಬನ್ನಿ. ಹಳದೀಪುರದ ಸೋಮ ಗೌಡ್ರಿಗೆ ವಯಸ್ಸು ಎಪ್ಪತ್ತೆರಡು. ಹೋದ ತಿಂಗ್ಳು ಹಾಲುಹಲ್ಲು ಬಿದ್ದದೆ!"

ಹಾಲಕ್ಕಿ ಒಕ್ಕಲಿಗರ ಕೊಪ್ಪಗಳೆಂಬ ಕೇರಿಗಳಲ್ಲಿ ಸೋಮ, ಹಮ್ಮ, ಮಾದಿ, ತಿಮ್ಮಿ ಎಂಬ ಹೆಸರು ಮನೆಮನೆಗೂ ಉಂಟು, ಕೊನೆಗೆ ಎಲ್ಲರೂ ಗೌಡರೇ. ಹೆಸರೊಂದೇ, ಊರೊಂದೇ, ಅಂದಮೇಲೆ ಮನುಷ್ಯನೂ ಒಬ್ಬನೇ ಎಂದು ತೀರ್ಮಾನಿಸಿದ ಹೊಸ ಸಾಫ್ಟ್‌ವೇರ್ ನಲವತ್ತೊಂದು ಸೋಮ ಗೌಡರನ್ನು ಸೇರಿಸಿ ಒಬ್ಬನನ್ನಾಗಿ ಮಾಡಿಬಿಟ್ಟಿತ್ತು. ಮಾದಿ ಗೌಡರ ಕಥೆ ಕೇಳುವುದೇ ಬೇಡ. ಆ ಮಹಾತಾಯಿಗೆ ಹತ್ತೊಂಬತ್ತು ಹೆರಿಗೆ, ನಾಲ್ಕು ಸಲ ಅಪೆಂಡಿಕ್ಸ್ ಆಪರೇಷನ್. ದಿನಕರರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ನಗು ಮೊದಲು ನಿಲ್ಲಿಸಿದವಳು ಕಲ್ಪನಾ. "ಸೋಮ ಗೌಡ್ರ ರಕ್ತದ ಗುಂಪು ನೋಡಿ. ಇರೂ ಗುಂಪೆಲ್ಲ ಬಂದ್ ಕೂತದೆ. ನಾಳೆ ಬೆಳಿಗ್ಗೆ ಅವ್ರಲ್ಲೊಬ್ರಿಗೆ ಆಪರೇಷನ್ ಅದ್ಯಲ್ಲ."

"ಸಂಜಿ ತನಕ ಟೈಮ್ ಕೊಡ್ರಿ, ಒಬ್ಬೊಬ್ಬರನ್ನ ಬಿಡಸ್ತೀನಿ," ಎಂದ ಶಿಶಿರ. ದಿನಕರರು ಇನ್ನೇನು ಹೂಂ ಅನ್ನುವವರಿದ್ದರು. ಭಾಸ್ಕರ ಗಡಿಯಾರ ತೋರಿಸಿದ. ಎರಡು ಗಂಟೆ. ಹಾಳೆಯಲ್ಲಿ ಅವರದೇ ಸಹಿ.

ಎರಡೂ ಮುಕ್ಕಾಲಿಗೆ, ಶನಿವಾರವೇ ತೆರೆದು ನೋಡಿಟ್ಟಿದ್ದ ಹಳೆಯ ಪ್ರತಿಯಿಂದ, ನಲವತ್ತೊಂದು ಸೋಮ ಗೌಡರೂ ತಂತಮ್ಮ ವಯಸ್ಸು, ತಂತಮ್ಮ ಹಲ್ಲಿನ ಸಮೇತ ವಾಪಸು ಬಂದರು. ಹತ್ತೊಂಬತ್ತು ಹೆರಿಗೆ ಹನ್ನೊಂದು ಮಾದಿಯರಿಗೆ ಹಂಚಿಹೋಯಿತು. ಶಿಶಿರ ಬೆವರು ಒರೆಸಿಕೊಂಡು, "ಆ ಹಾಳೀದು ನನಗೊಂದು ಜೆರಾಕ್ಸ್ ಕೊಡ್ರಿ," ಎಂದ. ದಿನಕರರು ಬೆನ್ನು ತಟ್ಟಿದರು. ಭಾಸ್ಕರನಿಗೆ ನೆಲ ಕಾಲಿಗೆ ತಾಗುತ್ತಿಲ್ಲ ಅನ್ನಿಸಿತು. ಇಂಥ ಸಂತೋಷ ಹುಟ್ಟಿದಮೇಲೆ ಅವನು ಕಂಡದ್ದಿಲ್ಲ.

ಆ ಗುಂಗಿನಲ್ಲೇ, ಬಸ್ಸಿಗೆಂದು ಹೊರಟ ಕಲ್ಪನಾಳ ಜೊತೆ ತಾನೂ ಹೆದ್ದಾರಿಯವರೆಗೆ ನಡೆದುಬಿಟ್ಟ. ದೂರದಲ್ಲಿ ಅವಳೂರಿನ ಮೇಲೆ ಹಾಯುವ ಭಟ್ಕಳದ ಬಸ್ಸು ಕಾಣಿಸಿತು. ಇದು ಹತ್ತಿಸಿಕೊಂಡು ಹೋದರೆ ಮುಗಿಯಿತು.

"ಕಲ್ಪನಾ ಅವ್ರೆ, ನಂಗೆ ನಿಮ್ಮನ್ನ ಮದ್ವೆ ಆಗೂಕೆ ಮನಸ್ಸದೆ," ಅಂದುಬಿಟ್ಟ. ಮಾತು ಬಾಯಿಂದ ಹೊರಬಿದ್ದದ್ದು ನೋಡಿ ಅವನೇ ಬೆಚ್ಚಿಬಿದ್ದ. "ನೀವು ಬೇಡ ಅಂದ್ರೆ ನಾಳೆ ಎಂತ ಮಾಡೂದು ಅಂತ ಯೋಚ್ನೆ ಮಾಡಿಲ್ಲ. ಮಾಡಿದ್ರೆ ಕೇಳೂಕೇ ಆಗ್ತಿರ್ಲಿಲ್ಲ."

ಬಸ್ಸು ನಿಂತಿತು. ಕಲ್ಪನಾ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. "ಬೇಗ ಹತ್ರಿ ಅಕ್ಕೋರೆ," ಎಂದು ಕಂಡಕ್ಟರ್ ಕೂಗಿದ. ಅವಳು ಕಾಲು ಹಿಂದೆ ತೆಗೆದು, ಹೋಗಿ ಎಂದು ಕೈ ಬೀಸಿದಳು. ಬಸ್ಸು ಹೋಯಿತು.

ಅವಳು ಬ್ಯಾಗಿನಿಂದ ಮೊಬೈಲ್ ತೆಗೆದಳು. "ಅಮ್ಮ, ಭಟ್ಕಳದವ್ರಿಗೆ ಬರೂದು ಬೇಡ ಅಂದ್ಬಿಡು. ಎಂತಕ್ಕಾ? ಬಂದ್ ಹೇಳ್ತೆ." ಆಮೇಲೆ ಇವನ ಕಡೆ ತಿರುಗಿದಳು. ಸಿಟ್ಟೋ ನಗುವೋ, ಮುಖವೆಲ್ಲ ಕೆಂಪಾಗಿತ್ತು.

"ದೊಡ್ಡ ಡಾಕ್ಟ್ರಿಂದ ಹಿಡ್ದು ವಾಚ್‌ಮನ್ ತನಕ ಎಲ್ರೂ ನಿಮ್ಗೆ ಭಾಸ್ಕರಣ್ಣ ಅಂತ್ರು. ಮೂರು ವರ್ಷದಲ್ಲಿ ನಾನು ಒಂದ್ ಸಲನಾದ್ರೂ ಅಣ್ಣ ಅಂದದ್ದು ಕೇಳಿದ್ರಾ?"