ಅತ್ತಿಗೆಯ ಯೂರಿಯಾ, ನನ್ನ ಒಂದು ವಾರ

ಆ ಫೋನು ಬಂದದ್ದು ಬುಧವಾರವೋ ಗುರುವಾರವೋ, ಖಚಿತವಿಲ್ಲ. ಊಟದ ಡಬ್ಬಿಯಲ್ಲಿ ಅವಲಕ್ಕಿ ಇತ್ತೆಂದು ನೆನಪು. ಆದರೆ ಇಂಥ ಸಣ್ಣ ವಿವರಗಳನ್ನು ನನ್ನ ನೆನಪು ಎಲ್ಲಿಂದಲೋ ತಂದು ಸೇರಿಸಿಬಿಡುತ್ತದೆ. ಡೈರಿಯಲ್ಲಿ, ಮೇ ತಿಂಗಳ ಪುಟವೊಂದರ ಮೂಲೆಯಲ್ಲಿ, ತಾರೀಕು ಹಾಕದೆ ಬರೆದದ್ದು ಇಷ್ಟೇ: ‘ಅತ್ತಿಗೆ ಯೂರಿಯಾ ವಿಷಯ ಕೇಳಿದರು. ಒಂದು ವಾರ ಎಂದೆ.’ ಅದಕ್ಕೆ ಮೊದಲು ‘ನನಗೆ ಸರಿಯಾಗಿ ಗೊತ್ತಿಲ್ಲ’ ಎಂದು ಹೇಳಿದ್ದೆನೇ? ಅದನ್ನು ಬರೆದಿಲ್ಲ. ಈಗ ನನಗೆ ಬೇಕಾಗಿರುವುದು ಅದೊಂದೇ.

ಅತ್ತಿಗೆ ಎಂದರೆ ಅಣ್ಣನ ಹೆಂಡತಿ. ಅಣ್ಣ ಬಸ್ಸಿನ ಕಂಡಕ್ಟರ್. ಉಡುಪಿ ಹತ್ತಿರದ ನಮ್ಮ ಗದ್ದೆಗಳನ್ನು ನೋಡಿಕೊಳ್ಳುವವರು ಅತ್ತಿಗೆ. ಈ ವರ್ಷ ಪಕ್ಕದವರ ಎರಡು ಗದ್ದೆಗಳನ್ನೂ ಗೇಣಿಗೆ ಹಿಡಿದಿದ್ದರು. ಯೂರಿಯಾವನ್ನು ಮಳೆಗೆ ಮೊದಲೇ ತರಬೇಕೋ, ನಾಟಿಯಾದ ಮೇಲೆ ತರಬೇಕೋ ಎಂಬುದು ಅವರ ಪ್ರಶ್ನೆ. ಮೊದಲೇ ತಂದಿಟ್ಟರೆ ಮಳೆಗಾಲದ ತೇವಕ್ಕೆ ಅದು ಕಲ್ಲುಗಟ್ಟುತ್ತದೆ, ಆಮೇಲೆ ನೀರಾಗುತ್ತದೆ. ಕಳೆದ ವರ್ಷ ಎರಡು ಚೀಲ ಹಾಗೆಯೇ ಹಾಳಾಗಿತ್ತು. ಕಾದರೆ ಸೊಸೈಟಿಯಲ್ಲಿ ಸಿಗದೆಯೇ ಹೋಗಬಹುದು. ಯುದ್ಧದ ಕಾರಣ ಕೊಲ್ಲಿಯಿಂದ ಹಡಗುಗಳು ಹೊರಡುತ್ತಿಲ್ಲವೆಂದು ಟಿವಿಯಲ್ಲಿ ದಿನವೂ ಬರುತ್ತಿತ್ತು.

“ಯೂರಿಯಾ ಬರುವುದೇ ಕತಾರಿಂದ ಅಂತ ಸೊಸೈಟಿಯ ಸೆಕ್ರೆಟರಿ ಹೇಳ್ತಾರೆ. ನೀನು ಅಲ್ಲಿ ಬಂದರಿನಲ್ಲೇ ಕೆಲಸ ಮಾಡುವವಳು. ನಿನಗೆ ಗೊತ್ತಿಲ್ಲದೆ ಮತ್ತೆ ಯಾರಿಗೆ ಗೊತ್ತುಂಟು ಮಾರಾಯ್ತಿ?”

“ಅತ್ತಿಗೆ, ನಾನು ಟೈಲ್ಸಿನ, ಫ್ರಿಜ್ಜಿನ ಕಸ್ಟಮ್ಸ್ ಪೇಪರು ಮಾಡುವವಳು.”

“ಎಂಎ ಓದಿದ್ದು ಟೈಲ್ಸಿನ ಪೇಪರು ಮಾಡ್ಲಿಕ್ಕಾ? ಯಾರನ್ನಾದ್ರೂ ಕೇಳಿ ಹೇಳು.”

ಮಾತು ಹೀಗೆಯೇ ನಡೆಯಿತೆಂದು ಪ್ರಮಾಣ ಮಾಡಲಾರೆ. ಎಂಎಯ ಕುಟುಕು ಮಾತ್ರ ಖಂಡಿತ ನಿಜ.

ಹಮದ್ ಬಂದರಿನ ನಮ್ಮ ಆಫೀಸಿನಲ್ಲಿ ಪಕ್ಕದ ಮೇಜಿನವರು ಮಲಯಾಳಿ, ನನಗಿಂತ ಹಿರಿಯರು. ಹಡಗುಗಳು ಯಾವಾಗ ಹೊರಡುತ್ತವೆ ಎಂದು ಕೇಳಿದೆ. ಅವರು ಸ್ಕ್ರೀನಿನಿಂದ ಕಣ್ಣು ತೆಗೆಯದೆ, “ವನ್ ವೀಕ್. ಫಿರ್ ಖಲಾಸ್, ಸಬ್ ನಾರ್ಮಲ್,” ಎಂದರು. ಅವರು ಹೇಳಿದ್ದು ನಾವು ದಿನವೂ ಪೇಪರು ಮಾಡುವ ಕಂಟೇನರ್ ಹಡಗುಗಳ ವಿಷಯ. ಗೊಬ್ಬರದ ಹಡಗುಗಳು ತುಂಬುವುದು ಪಕ್ಕದ ಮೆಸಾಯಿದ್ ಬಂದರಿನಲ್ಲಿ. ಅದರ ಜನ ಬೇರೆ, ವ್ಯವಹಾರ ಬೇರೆ. ಇದು ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೂ ಅವರ ಒಂದು ವಾರವನ್ನು ಅತ್ತಿಗೆಗೆ ದಾಟಿಸಿದೆ: “ಒಂದು ವಾರದಲ್ಲಿ ಸರಿಯಾಗ್ತದಂತೆ.”

ಯಾಕೆ ಹಾಗೆ ಮಾಡಿದೆ? ಇಲ್ಲಿಗೆ ಬಂದ ಈ ಹದಿನಾಲ್ಕು ವರ್ಷಗಳಲ್ಲಿ ಅತ್ತಿಗೆ ನನ್ನಲ್ಲಿ ಖರ್ಜೂರ ಕೇಳಿದ್ದಾರೆ, ಬಾದಾಮಿ ಕೇಳಿದ್ದಾರೆ, ನೋವಿನ ಮುಲಾಮು ಕೇಳಿದ್ದಾರೆ. ಗದ್ದೆಯ ಬಗ್ಗೆ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ಗೊತ್ತಿಲ್ಲ ಎಂದು ಹೇಳಿ ಅದನ್ನು ಕಳೆದುಕೊಳ್ಳಲು ಮನಸ್ಸು ಬರಲಿಲ್ಲ. ಅಥವಾ ಈ ಕಾರಣವನ್ನೂ ನಾನು ಆಮೇಲೆ ಹುಡುಕಿಕೊಂಡೆನೋ ಏನೋ. ನನ್ನನ್ನು ಅಷ್ಟು ಕೆಟ್ಟವಳಾಗಿ ಕಾಣಿಸದ ಕಾರಣ ಅದು.

ವಾರ ಕಳೆಯಿತು. ನಮ್ಮ ಕಂಟೇನರ್ ಹಡಗುಗಳು ಒಂದೊಂದಾಗಿ ಹೊರಟವು. ಗೊಬ್ಬರದ ಹಡಗುಗಳ ಸುದ್ದಿ ನನ್ನ ಮೇಜಿಗೆ ಬರುವುದೇ ಇಲ್ಲ. ಊರಿನಲ್ಲಿ ಮಳೆ ಹಿಡಿದು ನಾಟಿಯೂ ಮುಗಿದ ಮೇಲೆ ಅಣ್ಣ ಫೋನು ಮಾಡಿದ. ಸೊಸೈಟಿಯ ಬಾಗಿಲಲ್ಲಿ ‘ಯೂರಿಯಾ ಸ್ಟಾಕ್ ಇಲ್ಲ’ ಎಂಬ ಬೋರ್ಡು ನೇತಾಡುತ್ತಿದೆಯಂತೆ.

“ಮೇ ಕೊನೆಗೆ ಒಂದು ಲೋಡು ಬಂದಿತ್ತು. ಎರಡೇ ದಿನದಲ್ಲಿ ಖಾಲಿ. ಇವಳು ಹೋಗ್ಲೇ ಇಲ್ಲ.”

“ಯಾಕೆ ಹೋಗ್ಲಿಲ್ಲ?”

“ನನಗೆಂತ ಗೊತ್ತು? ಗದ್ದೆಯ ವಿಷಯ ಅವಳು ನನ್ನಲ್ಲಿ ಮಾತಾಡಿದ್ದುಂಟಾ?”

ಇನ್ನು ಹತ್ತು ದಿನದೊಳಗೆ ಗೊಬ್ಬರ ಬೀಳದಿದ್ದರೆ ಸಸಿಗಳು ಹಳದಿ ತಿರುಗುತ್ತವೆ, ಕವಲೊಡೆಯುವುದಿಲ್ಲ. ಗೇಣಿಯ ಗದ್ದೆಗಳೂ ಅಷ್ಟೇ.

ಶುಕ್ರವಾರ ಐನ್ ಖಾಲಿದ್‌ನ ನಮ್ಮ ಮನೆಯ ಬಾಲ್ಕನಿಗೆ ಕುಂಡ ತರಲೆಂದು ಗಿಡದ ಅಂಗಡಿಗೆ ಹೋಗಿದ್ದೆವು. ಜುಲೈಯ ಸೆಕೆಗೆ ಗಿಡಗಳೆಲ್ಲ ನೆರಳಿನ ಬಲೆಯ ಕೆಳಗೆ ಬಾಡಿ ನಿಂತಿದ್ದವು. ಗೋಡೆಯ ಬದಿಗೆ ಯೂರಿಯಾದ ಬಿಳಿ ಚೀಲಗಳು, ಕೇಳುವವರಿಲ್ಲದೆ, ಒಂದರ ಮೇಲೊಂದು ಬಿದ್ದಿದ್ದವು. ಗಂಡ ಒಂದನ್ನು ತಟ್ಟಿ, “ನೋಡು, ಊರಿಗೆ ಹೋಗುವಾಗ ಮೂವತ್ತು ಕಿಲೋ ಬ್ಯಾಗೇಜ್ ಉಂಟಲ್ಲ. ಅತ್ತಿಗೆಗೆ ಈ ಸಲ ಇದನ್ನೇ ತಕ್ಕೊಂಡು ಹೋಗು,” ಎಂದರು. ನನಗೆ ನಗು ಬಾರದ್ದನ್ನು ನೋಡಿ ಅವರೇ ಮುಂದುವರಿಸಿದರು:

“ನಿನ್ನ ಮಾತಿಗೆ ಅವರು ಸೊಸೈಟಿಗೆ ಹೋಗದೆ ನಿಂತದ್ದಲ್ಲ ಮಾರಾಯ್ತಿ. ನಿನ್ನ ಮಾತನ್ನು ಅವರು ಯಾವತ್ತು ಕೇಳಿದ್ದಾರೆ?”

ಸಮಾಧಾನಕ್ಕೆ ಹೇಳಿದ್ದು. ಸಮಾಧಾನವೂ ಆಯಿತು, ನೋವೂ ಆಯಿತು. ಯಾವುದು ಮೊದಲು ಎಂದು ಹೇಳಲಾರೆ.

ಮರುದಿನ ಅತ್ತಿಗೆ ಗದ್ದೆಯ ಫೋಟೋ ಕಳಿಸಿ, ಕೆಳಗೆ ‘ಬರುವಾಗ ಬಾದಾಮಿ ತಾ’ ಎಂದು ಬರೆದಿದ್ದರು. ಯೂರಿಯಾದ ಸುದ್ದಿಯೇ ಇಲ್ಲ. ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಮೂಲೆಯ ಸಸಿಗಳು ಹಳದಿಯೋ, ಫೋನಿನ ಬಣ್ಣವೇ ಹಾಗೋ, ತಿಳಿಯಲಿಲ್ಲ. ಬಾದಾಮಿಗೆ ಆಯಿತು ಎಂದೆ. ಮತ್ತೆ ಒಂದು ಪ್ರಶ್ನೆಯನ್ನು ಎರಡು ಸಲ ಟೈಪು ಮಾಡಿ ಅಳಿಸಿ, ಮೂರನೆಯ ಸಲ ಕಳಿಸಿಯೇಬಿಟ್ಟೆ. ಕೂಡಲೇ ನೀಲಿ ಗುರುತು ಬಿತ್ತು, ಓದಿದ್ದಾರೆ. ಇವತ್ತಿಗೆ ನಾಲ್ಕು ದಿನ. ಈ ಒಂದು ವಾಕ್ಯದಲ್ಲಾದರೂ ನನ್ನ ನೆನಪನ್ನು ನಂಬಬೇಕಾಗಿಲ್ಲ, ಫೋನಿನಲ್ಲೇ ಇದೆ:

“ಅತ್ತಿಗೆ, ಲೋಡು ಬಂದ ದಿನ ನೀವು ಸೊಸೈಟಿಗೆ ಹೋಗದೆ ಇದ್ದದ್ದು ನಾನು ಒಂದು ವಾರ ಅಂತ ಹೇಳಿದ್ದಕ್ಕಾ?”