ಕೊಳಕ್ಕೆ ನಾನು ಬಿಟ್ಟ ಆಮೆ

ಆ ಕೆಂಪು ಕಿವಿಯ ಆಮೆಯನ್ನು ಕೊಳಕ್ಕೆ ಬಿಟ್ಟವಳು ನಾನು, ಕಮಲಕ್ಕ. ನಿಮ್ಮ ಕರಿ ಆಮೆ ಸತ್ತ ದಿನ, ಅದು ಸತ್ತದ್ದು ನಿಮ್ಮ ಮೊಸರನ್ನದಿಂದ ಎಂದು ಎಲ್ಲರೆದುರು ಹೇಳಿದವಳೂ ನಾನೇ. ಆಗ ನನಗೆ ನಿಜ ಗೊತ್ತಿರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಗೊತ್ತಿತ್ತು.

ಇದನ್ನು ಓದುವ ಬೇರೆಯವರಿಗೆ ನೀವು ಯಾರೆಂದು ಮೊದಲು ಹೇಳಬೇಕು. ಒಂದು ವಿಷಯ ಹೇಳಲು ಹೊರಟು ಊರೆಲ್ಲ ಸುತ್ತಿ ಬರುವುದು ನಮ್ಮಜ್ಜಿಯಿಂದ ನನಗೆ ಬಂದ ಚಾಳಿ. ಇವತ್ತು ಅದನ್ನು ಆದಷ್ಟು ಬಿಗಿಹಿಡಿಯುತ್ತೇನೆ — ಸುತ್ತುವುದೂ ತಪ್ಪಿಸಿಕೊಳ್ಳುವ ಒಂದು ದಾರಿಯೇ.

ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳ ನಡುವೆ ಒಂದು ಹಳೇ ಊರು ಇನ್ನೂ ಉಸಿರಾಡುತ್ತಿದೆ. ಅಲ್ಲೊಂದು ಆಂಜನೇಯನ ಗುಡಿ, ಗುಡಿಯ ಹಿಂದೆ ಕಲ್ಲು ಮೆಟ್ಟಿಲಿನ ಕೊಳ. ಸುತ್ತಲಿನ ರಾಗಿ ಹೊಲಗಳೆಲ್ಲ ಸೈಟುಗಳಾದವು, ಕೊಳ ಉಳಿಯಿತು. ಆ ಹೊಲಗಳಲ್ಲಿ ಒಂದಿಷ್ಟು ಕಮಲಕ್ಕನ ಗಂಡನ ಮನೆಯವರದು. ಈಗ ಅದೇ ಜಾಗದಲ್ಲಿ ಅವರ ಮೂರು ಮಹಡಿಯ ಮನೆ, ಮೇಲೆಲ್ಲ ಬಾಡಿಗೆದಾರರು, ಕೆಳಗೊಂದು ಮೊಬೈಲ್ ಅಂಗಡಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಜಯನಗರದ ಮನೆ ಬಿಟ್ಟು ಇಲ್ಲಿನ ಫ್ಲಾಟಿಗೆ ಬಂದಾಗ, ಬೆಳಗಿನ ವಾಕಿಂಗ್‌ನಲ್ಲಿ ಮೊದಲು ಮಾತಾಡಿಸಿದವರು ಕಮಲಕ್ಕ. ಅವರಿಗೆ ನಾನು ಅವತ್ತಿನಿಂದ ಟೀಚರಮ್ಮ.

ಕಮಲಕ್ಕನ ಕೈ ಖಾಲಿ ಇದ್ದದ್ದನ್ನು ನಾನು ಕಂಡಿರಲಿಲ್ಲ. ಕಾಗೆಗೆ ಅನ್ನ, ಬೀದಿನಾಯಿಗೆ ಮುದ್ದೆ, ಬಾಡಿಗೆ ಮನೆಯ ಹುಡುಗಿಯರಿಗೆ ಬಸ್ಸಾರು. ಕೊಳದ ಆಮೆಗೆ ಸೊಪ್ಪು, ಕಡಲೆಪುರಿ, ಒಮ್ಮೊಮ್ಮೆ ಮೊಸರನ್ನ. ಬೆನ್ನ ಮೇಲೆ ಉದ್ದಕ್ಕೆ ಮೂರು ಗೆರೆ ಎದ್ದಂತಿದ್ದ ಕಪ್ಪು ಆಮೆ ಅದು, ನಮ್ಮ ಕೆರೆಗಳದ್ದೇ. ಕೊಳದ ಮಧ್ಯದಲ್ಲಿ ನೀರಿನಿಂದ ಮೇಲೆದ್ದ ಒಂದೇ ಒಂದು ಬಂಡೆ. ಬಿಸಿಲೇರಿದರೆ ಆಮೆ ಅದರ ಮೇಲೆ ಕೈಕಾಲು ಚಾಚಿ ಕೂರುತ್ತಿತ್ತು. ಕಮಲಕ್ಕನ ಅತ್ತೆಯೂ ಅದಕ್ಕೆ ಉಣಿಸಿದ್ದರಂತೆ. ಆ ಊರಲ್ಲಿ ಬಾಣಂತನ ಮುಗಿಸಿ ಮಗುವನ್ನು ಮೊದಲ ಸಲ ಹೊರಗೆ ತಂದಾಗ ಕೊಳಕ್ಕೆ ಕರೆತಂದು ಆಮೆಗೆ ತೋರಿಸಬೇಕು. ಆಮೆ ನೋಡಿದ ಮಗು ಅದರಷ್ಟೇ ಬಾಳುತ್ತದೆ ಎಂದು ನಂಬಿಕೆ.

"ನಮ್ ಯಜಮಾನ್ರನ್ನೂ ಇದಕ್ಕೇ ತೋರ್ಸಿದ್ರಂತೆ ಟೀಚರಮ್ಮ. ಅವ್ರಿಗೆ ಬಿಪಿ, ಶುಗರು. ಇವನಿಗೆ ನೋಡಿ, ಏನೂ ಇಲ್ಲ," ಎಂದು ನಗುತ್ತಿದ್ದಿರಿ.

ಇನ್ನು ನನ್ನ ಆಮೆಯ ಮಾತು.

ನನ್ನ ಮಗಳಿಗೆ ಬಂದ ಸಂಬಂಧಗಳೆಲ್ಲ ಒಂದಾದ ಮೇಲೊಂದು ತಪ್ಪಿಹೋಗುತ್ತಿದ್ದ ಕಾಲ. ನಮ್ಮ ಯಜಮಾನರಿಗೆ ಯಾರೋ ವಾಸ್ತು ಹೇಳುವವರು, ಮನೆಯ ಉತ್ತರಕ್ಕೆ ಜೀವಂತ ಆಮೆ ಇಡಿ ಅಂದರು. ಮೀನಿನ ಅಂಗಡಿಯಿಂದ ಅವರು ಒಂದು ಮರಿ ತಂದರು — ಬಿಸ್ಕತ್ತಿನಷ್ಟಗಲ, ಹಸಿರು ಬೆನ್ನು, ಕಣ್ಣ ಹಿಂದೆ ಕಿವಿಯಿರಬೇಕಾದ ಜಾಗದಲ್ಲಿ ಕೆಂಪು ಪಟ್ಟಿ. ಇದು ನಮ್ಮ ನಾಡಿನದಲ್ಲ, ಅಮೆರಿಕದ ಕಡೆಯದು, ಇಲ್ಲಿಯ ನೀರಿಗೆ ಬಿಟ್ಟರೆ ಇಲ್ಲಿಯವನ್ನು ಬದುಕಗೊಡುವುದಿಲ್ಲ ಎಂದು ನನಗೆ ಗೊತ್ತಿತ್ತು. ತರಗತಿಯಲ್ಲಿ ನಾನೇ ಹೇಳಿದ ಪಾಠ. ಹೊರನಾಡಿನಿಂದ ಬಂದು ಕೆರೆ ತುಂಬಿದ ಅಂತರಗಂಗೆ ಕಳೆಯ ಉದಾಹರಣೆ ಕೊಟ್ಟು ಹೇಳಿದ್ದೆ.

ಆದರೂ ಇಟ್ಟುಕೊಂಡೆ. ಗ್ರಹಣದ ದಿನ ಮಕ್ಕಳಿಗೆ ಶಾಲೆಯಲ್ಲಿ ಬೇಕೆಂದೇ ಬಿಸ್ಕತ್ತು ಹಂಚುತ್ತಿದ್ದ ನಾನು, ಮಗಳ ಮದುವೆ ಕುದುರಲಿ ಎಂದು ಗಾಜಿನ ತೊಟ್ಟಿಗೆ ದಿನಾ ನೀರು ಬದಲಿಸಿದೆ. ಯಾರಾದರೂ ಬಂದರೆ ತೊಟ್ಟಿಯನ್ನು ಬಟ್ಟೆ ಒಗೆಯುವ ಜಾಗಕ್ಕೆ ಸರಿಸಿ ಮೇಲೊಂದು ಟವೆಲ್ ಹಾಕುತ್ತಿದ್ದೆ. ಕಮಲಕ್ಕ, ನೀವು ನಮ್ಮ ಮನೆಗೆ ಬಂದಾಗಲೆಲ್ಲ ಆ ಟವೆಲ್ಲಿನ ಕೆಳಗೆ ಅದಿತ್ತು.

ಮಗಳ ಮದುವೆಯಾಯಿತು. ಆಮೆ ಊಟದ ತಟ್ಟೆಯಷ್ಟಾಯಿತು. ತೊಟ್ಟಿ ಸಾಲದು, ವಾಸನೆ, ಕೈ ಹಾಕಿದರೆ ಕಚ್ಚುವುದು. ಅಂಗಡಿಯವನು ವಾಪಸ್ಸು ತೆಗೆದುಕೊಳ್ಳಲಿಲ್ಲ. ಬೇರೆ ಯಾರನ್ನಾದರೂ ಕೇಳಬಹುದಿತ್ತು. ಕೇಳಿದರೆ ಟೀಚರ್ ಮನೆಯಲ್ಲಿ ವಾಸ್ತು ಆಮೆ ಇತ್ತೆಂದು ತಿಳಿಯುತ್ತಿತ್ತು. ಅಷ್ಟೇ — ಆ ಒಂದು ನಾಚಿಕೆ. ಗುಡಿ ಮುಚ್ಚಿದ ಮಧ್ಯಾಹ್ನ, ಹೂವಿನ ಬುಟ್ಟಿಯಲ್ಲಿ ಅದನ್ನಿಟ್ಟು ಮೇಲೆ ತುಳಸಿ, ಕನಕಾಂಬರ ಮುಚ್ಚಿ ಕೊಳಕ್ಕೆ ಹೋದೆ. ನೀರಿಗೆ ಬಿಟ್ಟೆ. ಕೈಮುಗಿದೆ ಕೂಡ. ಒಂದು ಜೀವಕ್ಕೆ ಬಿಡುಗಡೆ ಕೊಟ್ಟೆ ಎಂಬ ಹಗುರದಲ್ಲಿ ಮನೆಗೆ ಬಂದು ಕಾಫಿ ಮಾಡಿಕೊಂಡೆ.

ಅದನ್ನು ಮೊದಲು ಕಂಡವರೂ ನೀವೇ.

"ಹೊಸಬ ಬಂದವ್ನೆ ಟೀಚರಮ್ಮ. ನೋಡಿ, ಕಿವಿಗೆ ಕುಂಕುಮ ಇಟ್ಕೊಂಡವ್ನೆ. ಎಲ್ಲಿಂದ ಬಂದಿರ್ಬೋದು?"

"ಮಳೆ ನೀರಲ್ಲಿ ಕೆರೆ ಕಡೆಯಿಂದ ಬಂದಿರುತ್ತೆ, ಕಮಲಕ್ಕ," ಅಂದೆ. ಬಾಯಿಗೆ ಎಷ್ಟು ಸಲೀಸಾಗಿ ಬಂತು ಆ ಮಾತು!

ಸ್ವಲ್ಪ ದಿನಕ್ಕೆ ಬಂಡೆ ಕೆಂಪು ಕಿವಿಯದಾಯಿತು. ಕರಿ ಆಮೆ ಹತ್ತಲು ಬಂದರೆ ತಳ್ಳುತ್ತಿತ್ತು, ಸೊಪ್ಪು ಹಾಕಿದರೆ ನುಗ್ಗಿ ತಾನೇ ಕಚ್ಚಿಕೊಳ್ಳುತ್ತಿತ್ತು. ನೀವು ಆಗಲೂ ತಮಾಷೆ ಮಾಡಿದಿರಿ: "ಬಾಡಿಗೆಗೆ ಬಂದೋನು ಓನರ್‌ನೇ ಹೊರಗೆ ಹಾಕವ್ನಲ್ಲ! ನಮ್ ಮೂರನೇ ಮಹಡಿಯೋನಿಗೆ ಇವನನ್ನ ತೋರಿಸ್ಬಾರದು." ಇಬ್ಬರಿಗೂ ಪಾಲು ಮಾಡಿ ಹಾಕುತ್ತಿದ್ದಿರಿ. ಕರಿ ಆಮೆ ಮೆಟ್ಟಿಲಿನ ನೆರಳಿಗೆ ಸೇರಿತು. ಬಿಸಿಲು ಕಾಣದ ಆಮೆಗೆ ಏನಾಗುತ್ತದೆಂದು ನನಗೆ ಗೊತ್ತು — ಚಿಪ್ಪಿನ ಮೇಲೆ ಬಿಳಿ ಮಚ್ಚೆ ಎದ್ದವು, ಕಣ್ಣು ಊದಿಕೊಂಡಿತು. ದಿನಾ ನೋಡಿದೆ. ಒಂದು ಬಲೆ ತಂದು ನನ್ನ ಆಮೆಯನ್ನು ಹಿಡಿದು ತೆಗೆದಿದ್ದರೆ... ದಿನಾ ನೋಡಿ ದಿನಾ ಮನೆಗೆ ಬಂದೆ.

ಅದೇ ಹೊತ್ತಿಗೆ ನಿಮ್ಮ ಮಗನಿಗೆ ಮಗು ಹುಟ್ಟಿತು. ಶುಕ್ರವಾರ ಮೊಮ್ಮಗನನ್ನು ಆಮೆಗೆ ತೋರಿಸುವುದೆಂದು ನಿಶ್ಚಯವಾಗಿತ್ತು. ಗುರುವಾರ ಬೆಳಿಗ್ಗೆ ಪೂಜಾರಪ್ಪ ಕೂಗಿದರು. ಕರಿ ಆಮೆ ಮೆಟ್ಟಿಲ ಬದಿಯಲ್ಲಿ ತೇಲುತ್ತಿತ್ತು, ತಲೆ ನೀರಿನೊಳಗೆ.

ಜನ ಸೇರಿದರು. ನಿಮ್ಮ ಮೈದುನ ರಾಜಣ್ಣ ಬಂಡೆಯ ಮೇಲಿದ್ದ ಕೆಂಪು ಕಿವಿಯದನ್ನು ತೋರಿಸಿ ಹೇಳಿದರು: "ಇದು ತಾನಾಗೆ ಬಂದಿದ್ದಲ್ಲ. ಯಾರೋ ಸಾಕಿ, ಸಾಕಾಗಿ ತಂದು ಬಿಟ್ಟವ್ರೆ. ಇದು ಬಂದ್ಮೇಲೇ ನಮ್ದು ಸೊರಗಿದ್ದು. ಗುಡಿ ಗೇಟಲ್ಲಿ ಕ್ಯಾಮೆರಾ ಐತಲ್ಲ, ತೆಗೆಸಿ ನೋಡೋಣ ಯಾರು ಅಂತ."

ಹೂವಿನ ಬುಟ್ಟಿ ಹಿಡಿದು ಗೇಟು ದಾಟುವ ನನ್ನನ್ನು ನಾನೇ ಕಂಡೆ. ಕ್ಯಾಮೆರಾದಲ್ಲಿ ಅಷ್ಟು ಹಳೆಯದು ಉಳಿದಿರುತ್ತದೋ ಇಲ್ಲವೋ — ಯೋಚಿಸುವಷ್ಟು ತಾಳ್ಮೆ ಇರಲಿಲ್ಲ. ತರಗತಿಯ ಧ್ವನಿ ತಾನಾಗಿ ಹೊರಬಂತು:

"ಅದರಿಂದಲ್ಲ ರಾಜಣ್ಣ. ಆಮೆಗೆ ಮೊಸರನ್ನ ಜೀರ್ಣವಾಗಲ್ಲ. ಕಮಲಕ್ಕ ಪ್ರೀತಿಯಿಂದ ಹಾಕ್ತಿದ್ರು, ಪಾಪ. ಅದೇ ವಿಷ ಆಗಿದೆ."

"ಸೈನ್ಸ್ ಟೀಚರೇ ಹೇಳಿದ್ಮೇಲೆ ಇನ್ನೇನು," ಎಂದರು ಯಾರೋ. ಕ್ಯಾಮೆರಾದ ಮಾತು ಅಲ್ಲಿಗೇ ನಿಂತಿತು.

ನೀವು ಜಗಳ ಮಾಡಬಹುದಿತ್ತು. ನಮ್ಮತ್ತೆಯೂ ಹಾಕಿದ್ದರಲ್ಲ, ಆಗ ಯಾಕೆ ಸಾಯಲಿಲ್ಲ ಎಂದು ಕೇಳಬಹುದಿತ್ತು. ನೀವು ನಿಮ್ಮ ಬಲಗೈ ನೋಡಿಕೊಂಡಿರಿ. "ಹಂಗಾ ಟೀಚರಮ್ಮ? ನಂಗೆ ಗೊತ್ತಾಗ್ಲಿಲ್ವಲ್ಲ," ಅಂದಿರಿ. ಅಷ್ಟೇ. ಆಮೆಗೆ ಅರಿಶಿನ ಕುಂಕುಮ ಇಟ್ಟು ಗುಡಿಯ ನೇರಳೆ ಮರದ ಬುಡದಲ್ಲಿ ಹೂತರು. ನೀವು ದೂರದಲ್ಲಿ ನಿಂತಿದ್ದಿರಿ, ಮುಟ್ಟಲಿಲ್ಲ. ಮೊಮ್ಮಗನನ್ನು ಯಾವ ಆಮೆಗೂ ತೋರಿಸಲಿಲ್ಲ.

ಆಮೇಲೆ ನಿಧಾನವಾಗಿ ಗಮನಿಸಿದೆ. ನಿಮ್ಮ ತಾರಸಿಯ ಗೋಡೆಯ ಮೇಲೆ ಕಾಗೆಗಳು ಕಾದು ಕಾದು ಹೋಗುತ್ತಿದ್ದವು. ಬಾಡಿಗೆ ಹುಡುಗಿಯರಿಗೆ ಬಸ್ಸಾರು ಹೋಗುವುದು ನಿಂತಿತು. ಸಂಕ್ರಾಂತಿಗೆ ಎಳ್ಳುಬೆಲ್ಲ ತಂದವಳು ನಿಮ್ಮ ಸೊಸೆ. ಮಗುವಿಗೆ ನೀವು ನೀರೆರೆಯುತ್ತಿದ್ದಿರಿ, ತೊಟ್ಟಿಲು ತೂಗುತ್ತಿದ್ದಿರಿ, ಆದರೆ ಒಂದು ತುತ್ತು ಬಾಯಿಗಿಡಲು ಹೇಳಿದರೆ ಒಲ್ಲೆ. "ಅತ್ತೆ, ನೀವೂ ಒಂಚೂರು ತಿನ್ಸಿ," ಎಂದು ಸೊಸೆ ಅಂದದ್ದಕ್ಕೆ, "ನನ್ ಕೈಗುಣ ಸರಿ ಇಲ್ಲ ಕಣಮ್ಮ, ನೀನೇ ತಿನ್ಸು," ಎಂದಿರಿ. ನಗುತ್ತಲೇ ಅಂದಿರಿ. ನಾನು ಎದುರಿಗೇ ಕೂತಿದ್ದೆ, ಕಾಫಿ ಲೋಟ ಹಿಡಿದು.

ಆಗಲೇ ಹೇಳಬೇಕಿತ್ತು. ಮಗು ನಡೆಯಿತು, ಶಾಲೆಗೆ ಸೇರಿತು, ನಾನು ಸುಮ್ಮನಿದ್ದೆ. ಕೊಳದಲ್ಲಿ ಈಗ ಕೆಂಪು ಕಿವಿಯವು ನಾಲ್ಕೈದಿವೆ. ನನ್ನಂಥವರು ಇನ್ನೂ ಇದ್ದಾರೆಂದು ಕಾಣುತ್ತದೆ. ಅದನ್ನು ನೋಡಿ ಒಂದು ಕ್ಷಣ ಸಮಾಧಾನವಾದದ್ದೂ ನಿಜ — ಅದನ್ನೂ ಇಲ್ಲಿ ಸೇರಿಸಬೇಕು.

ಹೋದ ತಿಂಗಳು ನಿಮ್ಮ ಎರಡನೇ ಮೊಮ್ಮಗುವಿಗೆ ಅನ್ನ ಉಣಿಸುವ ಶಾಸ್ತ್ರ. ಮೊದಲ ತುತ್ತು ಅಜ್ಜಿಯದು ಎಂದು ಎಲ್ಲರೂ ನಿಮ್ಮತ್ತ ನೋಡಿದರು. ನೀವು ಬೆಳ್ಳಿ ಬಟ್ಟಲು ತಂದು ನನ್ನ ಕೈಗೆ ಕೊಟ್ಟಿರಿ.

"ನೀವು ತಿನ್ಸಿ ಟೀಚರಮ್ಮ. ಎಷ್ಟು ಮಕ್ಕಳಿಗೆ ವಿದ್ಯೆ ಕೊಟ್ಟ ಕೈ. ಒಳ್ಳೇ ಕೈಗುಣ."

ಬೇಡ ಅನ್ನಲು ಬಾಯಿ ತೆರೆದೆ. ಮಗು ನನ್ನ ಬೆರಳನ್ನೇ ನೋಡುತ್ತಿತ್ತು. ತುಪ್ಪ ಹಾಕಿದ ಪಾಯಸ ಬೆರಳ ತುದಿಗೆ ತಗುಲಿಸಿ ಬಾಯಿಗಿಟ್ಟೆ. ಅದು ಚಪ್ಪರಿಸಿತು, ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ನೀವು.

ಅವತ್ತಿನಿಂದ ಊಟಕ್ಕೆ ಕೂತರೆ ನನ್ನ ಕೈ ನನಗೇ ಕಾಣುತ್ತದೆ.

ನಾಳೆ ಬೆಳಿಗ್ಗೆ ವಾಕಿಂಗ್ ಹೊತ್ತಿಗೆ ನಿಮ್ಮ ಗೇಟಿನ ಹತ್ತಿರ ಬರುತ್ತೇನೆ, ಕಮಲಕ್ಕ. ಇದು ಬೇರೆಯವರ ಕಣ್ಣಿಗೆ ಬೀಳುವ ಮೊದಲು ನಿಮಗೆ ಬಾಯಿಬಿಟ್ಟು ಹೇಳಬೇಕು. ರಾಜಣ್ಣನನ್ನು ಕರೆಯಿರಿ, ಪೂಜಾರಪ್ಪನನ್ನೂ ಕರೆಯಿರಿ. ಅವತ್ತು ಯಾರ್‍ಯಾರ ಎದುರು ಹೇಳಿದೆನೋ ಅವರೆಲ್ಲರ ಎದುರು ಹೇಳುತ್ತೇನೆ. ನೀವು ನನ್ನನ್ನು ಒಳಗೆ ಕರೆಯಬೇಕಾಗಿಲ್ಲ, ಮತ್ತೆಂದೂ ಟೀಚರಮ್ಮ ಅನ್ನಬೇಕಾಗಿಯೂ ಇಲ್ಲ. ನಾನು ಗೇಟಿನಿಂದಲೇ ವಾಪಸ್ಸು ಹೋಗುತ್ತೇನೆ.

ನಾನು ಹೋದ ಮೇಲೆ ಒಳಗೆ ಹೋಗಿ ಮಗುವಿಗೆ ಒಂದು ತುತ್ತು ತಿನ್ನಿಸಿ. ಮೊಸರನ್ನವೇ ಇರಲಿ.