ಸೀರೆಯುಟ್ಟು ಹೇಳಿಕೆ ಬರೆದುಕೊಂಡ ಅಕ್ಕ

ಹೂವಿನ ಕಾಟನ್ ಸೀರೆಯ ಅಂಚಿನ ಕೆಳಗೆ ಇಲಾಖೆಯ ಕಂದು ಶೂ ಕಾಣುತ್ತಿತ್ತು. ಮಕ್ಕಳ ಹೇಳಿಕೆ ಪಡೆಯುವಾಗ ಪೊಲೀಸರು ಸಮವಸ್ತ್ರದಲ್ಲಿರಬಾರದು ಎನ್ನುತ್ತದೆ ಕಾನೂನು. ಶಿವಮೊಗ್ಗದ ಪಿಎಸ್‌ಐ ಅಕ್ಕ ಅದಕ್ಕೆಂದೇ ಸ್ಕೂಟರಿನ ಸೀಟಿನಡಿ ಒಂದು ಸೀರೆ ಮಡಚಿಟ್ಟಿರುತ್ತಿದ್ದರು. ಚಪ್ಪಲಿ ಮಾತ್ರ ಪ್ರತಿ ಸಲ ಮರೆಯುತ್ತಿದ್ದರು. ಶೂ ನೋಡಿ ಮಕ್ಕಳು ನಗುತ್ತವೆ, ಮಾತು ಅಲ್ಲಿಂದಲೇ ಶುರುವಾಗುತ್ತದೆ ಎಂದು ಅವರೇ ಹೇಳಿದ್ದುಂಟು.

ಕ್ರೈಂ ವರದಿಗಾರನಾದ ನನಗೆ ಅವರು ಕೊಟ್ಟ ಸುದ್ದಿಗಿಂತ ಕೊಡದ ಸುದ್ದಿಯೇ ಹೆಚ್ಚು. "ಬೀದಿ, ಶಾಲೆ, ಅಪ್ಪನ ಕೆಲಸ ಬರೆದ್ರೆ ಮಗುವಿನ ಹೆಸ್ರು ಬರೆದಂಗೇ ಮಾರಾಯ" ಎನ್ನುತ್ತಿದ್ದರು.

ಒಂದು ಬೆಳಗ್ಗೆ ಭದ್ರಾವತಿಯ ಪರಿಚಯಸ್ಥರೊಬ್ಬರು ಫೋನ್ ಮಾಡಿದರು. ಆನ್‌ಲೈನ್‌ನಲ್ಲಿ ಗೆಳತಿಯಂತೆ ನಟಿಸಿದ ಯಾರೋ ಒಬ್ಬ, ಹತ್ತನೇ ತರಗತಿಯಲ್ಲಿದ್ದ ಅವರ ಮಗಳಿಂದ ಫೋಟೊ ಪಡೆದಿದ್ದ. ಇನ್ನಷ್ಟು ಕಳಿಸದಿದ್ದರೆ ಅದನ್ನು ಶಾಲೆಯ ಗ್ರೂಪಿಗೆ ಹಾಕುತ್ತೇನೆಂದು ಬೆದರಿಸುತ್ತಿದ್ದ. ಅಕ್ಕನಿಗೆ ತಿಳಿಸಿ, ಅವರ ಹಿಂದೆಯೇ ಹೋದೆ. ಅಕ್ಕ ನನ್ನನ್ನು ಒಳಗೆ ಬಿಡಲಿಲ್ಲ, ಜಗಲಿಯಲ್ಲಿ ಕೂತೆ.

ಬಾಗಿಲಲ್ಲೇ ನಿಂತಿದ್ದ ತಂದೆ ಮಗಳ ಫೋನಿನಲ್ಲಿದ್ದುದನ್ನೆಲ್ಲ ಅಳಿಸಲು ಹೊರಟಿದ್ದರು. ದೂರು ಬೇಡ, ಇಲ್ಲಿಗೇ ಮುಗಿಯಲಿ ಎಂದರು.

"ಅಣ್ಣಾ, ಮನೆಗೆ ಕಳ್ಳ ನುಗ್ಗಿದ್ರೆ ನಾವು ಬರೋಷ್ಟರಲ್ಲಿ ನೆಲ ಒರೆಸಿಡ್ತೀರಾ?" ಎಂದು ಅಕ್ಕ ಕೇಳಿದರು. "ನಿಮ್ಮ ಫೋನಲ್ಲಿ ಅಳಿಸಿದ್ರೆ ಅವನ ಫೋನಲ್ಲಿ ಹೋಗುತ್ತಾ?"

ತಂದೆ ಫೋನನ್ನು ಅವರ ಕೈಗಿಟ್ಟರು. ಹುಡುಗಿಯ ದೊಡ್ಡಪ್ಪ ಮಾತ್ರ ಬಗ್ಗಲಿಲ್ಲ. ಅವಳ ಶಾಲೆ ಬಿಡಿಸಿ, ಬೇರೆ ಊರಿನ ನೆಂಟರ ಮನೆಗೆ ಕಳಿಸಲು ಅವರು ಆಗಲೇ ತೀರ್ಮಾನಿಸಿದ್ದರು. ಹೇಳಿಕೆ ಬರೆದುಕೊಂಡು ಹೊರಬಂದ ಅಕ್ಕ, "ಊರು ಬಿಡ್ಬೇಕಾದೋನು ಅವನು. ಇವಳನ್ನ ಯಾಕೆ ಓಡಿಸ್ತೀರಿ? ಪರೀಕ್ಷೆ ಬರೀಲಿ" ಎಂದರು.

"ಜನ ಏನಂತಾರೆ ಮೇಡಂ?"

"ಜನಕ್ಕೆ ಹೇಳೋರು ಯಾರು? ನಾನು ಹೇಳಲ್ಲ. ಈ ಪೇಪರ್‌ನೋನು ಬರೆಯಲ್ಲ. ಉಳಿದೋರು ನೀವೇ."

ದೊಡ್ಡಪ್ಪ ನೆಂಟರಿಗೆ ಫೋನ್ ಮಾಡಿ, ಅವಳು ಬರುವುದಿಲ್ಲ ಎಂದರು. ಹುಡುಗಿ ಶಾಲೆಗೆ ಹೋದಳು, ಪರೀಕ್ಷೆ ಬರೆದಳು. ಫೋನಿನಲ್ಲಿ ಉಳಿದಿದ್ದ ಸಂದೇಶಗಳ ಜಾಡು ಹಿಡಿದೇ ಆರೋಪಿ ಸಿಕ್ಕಿಬಿದ್ದ. ಶಿವಮೊಗ್ಗದ ಪೋಕ್ಸೊ ನ್ಯಾಯಾಲಯ ಅವನಿಗೆ ಶಿಕ್ಷೆ ವಿಧಿಸಿತು. ನಾನು ಬರೆದ ಚಿಕ್ಕ ಸುದ್ದಿಯಲ್ಲಿ ಅವನೊಬ್ಬನ ಹೆಸರಿತ್ತು.

ನಿವೃತ್ತಿಯ ಬಳಿಕ ಅಕ್ಕ ಹೆಚ್ಚು ಕಾಲ ಉಳಿಯಲಿಲ್ಲ. ಅಂತಿಮ ದರ್ಶನದ ದಿನ ರಾಗಿಗುಡ್ಡದ ಅವರ ಮನೆಯೆದುರು ಪೊಲೀಸರ ಗುಂಪನ್ನು ದಾಟಿಕೊಂಡು, ಕಾಲೇಜು ಬ್ಯಾಗ್ ಹಾಕಿಕೊಂಡಿದ್ದ ಭದ್ರಾವತಿಯ ಅದೇ ಹುಡುಗಿ ಬಂದಳು. ಅಕ್ಕನ ಪಾದ ಮುಟ್ಟಿ, ತುಂಬ ಹೊತ್ತು ಅಲ್ಲೇ ನಿಂತಳು. ನಾನು ಗುರುತು ತೋರಿಸಲಿಲ್ಲ.

ಪಕ್ಕದಲ್ಲಿದ್ದ ಬೇರೆ ಪತ್ರಿಕೆಯ ಗೆಳೆಯ, "ಯಾರು ಮಾರಾಯ ಆ ಹುಡುಗಿ?" ಎಂದು ಕೇಳಿದ.

"ಗೊತ್ತಿಲ್ಲ" ಎಂದೆ.